ಕಣ್ಗಾವಲು ವಿಡಿಯೊ ಸಂಗ್ರಹ: ಲೈವ್ ಮತ್ತು ಆರ್ಕೈವ್

ಕಣ್ಗಾವಲು ವಿಡಿಯೊ ಸಂಗ್ರಹವೆಂದರೆ ಸಿಸಿ ಕ್ಯಾಮೆರಾಗಳು ಹಿಡಿದ ದೃಶ್ಯಗಳನ್ನು ಬರೆದಿಟ್ಟು, ಗೊತ್ತುಮಾಡಿದ ಅವಧಿಯವರೆಗೆ ಕಾಪಾಡಿ, ಕೇಳಿದಾಗ ಹೊರತೆಗೆದುಕೊಡುವ ವ್ಯವಸ್ಥೆ. ಅಂಗಡಿಯ ಮೂಲೆಯಲ್ಲಿರುವ ಒಂದೇ ಡಿಸ್ಕಿನ ಡಿವಿಆರ್ ಪೆಟ್ಟಿಗೆಯಿಂದ ಹಿಡಿದು ಮಹಾನಗರ ಪೊಲೀಸರ ಕಮಾಂಡ್ ಸೆಂಟರಿನ ಪೆಟಾಬೈಟ್ ಗಾತ್ರದ ಸ್ಟೋರೇಜ್‌ವರೆಗೆ ಇದರ ಹರವು. ಮಧ್ಯಮ ಮತ್ತು ದೊಡ್ಡ ವ್ಯವಸ್ಥೆಗಳಲ್ಲಿ ಸಂಗ್ರಹ ಸಾಮಾನ್ಯವಾಗಿ ಎರಡು ಹಂತಗಳಲ್ಲಿರುತ್ತದೆ. ಆಗಷ್ಟೇ ಬಂದ ದೃಶ್ಯ ಮೊದಲು ಲೈವ್ ಸಂಗ್ರಹವನ್ನು ಸೇರುತ್ತದೆ. ಕೆಲವು ಗಂಟೆ ಅಥವಾ ಕೆಲವು ದಿನ ಕಳೆದ ಮೇಲೆ ಆರ್ಕೈವ್ ಸಂಗ್ರಹಕ್ಕೆ ಸಾಗುತ್ತದೆ. ಅವಧಿ ಮುಗಿದಾಗ ಅಳಿಯುತ್ತದೆ. ಮೊದಲನೆಯದಕ್ಕೆ ಎಡೆಬಿಡದೆ ಬರೆಯುವ ತ್ರಾಣ ಬೇಕು. ಎರಡನೆಯದಕ್ಕೆ ಕಡಿಮೆ ಖರ್ಚಿನಲ್ಲಿ ಹೆಚ್ಚು ಜಾಗ ಬೇಕು, ಜೊತೆಗೆ ಡಿಸ್ಕ್ ಕೆಟ್ಟರೂ ದೃಶ್ಯ ಉಳಿಯುವ ಭದ್ರತೆ ಬೇಕು. ಎಷ್ಟು ಟೆರಾಬೈಟ್ ಬೇಕು ಎಂಬ ಒಂದೇ ಪ್ರಶ್ನೆಯಿಂದ ಖರೀದಿ ತೀರ್ಮಾನಿಸಿದರೆ ಈ ವ್ಯತ್ಯಾಸ ಮರೆಯಾಗುತ್ತದೆ. ಪ್ರತಿ ಸೆಕೆಂಡಿಗೆ ಎಷ್ಟು ಬರೆಯಬೇಕು, ಕೆಟ್ಟ ಡಿಸ್ಕ್ ಬದಲಿಸಿದ ಮೇಲೆ ವ್ಯವಸ್ಥೆ ಮತ್ತೆ ಸುಸ್ಥಿತಿಗೆ ಬರಲು ಎಷ್ಟು ಹೊತ್ತು ಹಿಡಿಯುತ್ತದೆ ಎಂಬ ಎರಡು ಲೆಕ್ಕಗಳೂ ಜಾಗದ ಲೆಕ್ಕದಷ್ಟೇ ಮುಖ್ಯ.

ಪರದೆಯ ಮೇಲೆ ನೇರವಾಗಿ ನೋಡುವುದಕ್ಕೂ ಲೈವ್ ಸಂಗ್ರಹಕ್ಕೂ ಸಂಬಂಧ ಕಡಿಮೆ. ನೇರ ವೀಕ್ಷಣೆಯ ದೃಶ್ಯ ಕ್ಯಾಮೆರಾದಿಂದಲೋ ಸರ್ವರಿನ ಮೆಮೊರಿಯಿಂದಲೋ ಪರದೆಗೆ ಹೋಗುತ್ತದೆ. ಅದಕ್ಕೆ ಡಿಸ್ಕ್ ಬೇಕಿಲ್ಲ. ಹಾಗಾಗಿ ಡಿಸ್ಕ್ ಕೆಟ್ಟು ತಿಂಗಳಾಗಿದ್ದರೂ ಪರದೆಯಲ್ಲಿ ಚಿತ್ರ ಎಂದಿನಂತೆ ಬರುತ್ತಿರುತ್ತದೆ. ರೆಕಾರ್ಡಿಂಗ್ ನಿಂತಿರುವುದು ಎಷ್ಟೋ ಕಡೆ ಗೊತ್ತಾಗುವುದು ಕಳವಾದ ಮರುದಿನವೇ.

ಬೆಳವಣಿಗೆ

ಆರಂಭದ ಸಿಸಿಟಿವಿಗೆ ಸಂಗ್ರಹವೇ ಇರಲಿಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಜರ್ಮನಿಯ ಪೀನೆಮುಂಡೆಯಲ್ಲಿ ವಿ-2 ರಾಕೆಟ್ ಉಡಾವಣೆಯನ್ನು ದೂರದಿಂದ ನೋಡಲು ಎಂಜಿನಿಯರ್ ವಾಲ್ಟರ್ ಬ್ರೂಖ್ ಅಳವಡಿಸಿದ ವ್ಯವಸ್ಥೆ ಬರೀ ನೋಡುವುದಕ್ಕಿತ್ತು. 1956ರಲ್ಲಿ ಅಮೆರಿಕದ ಆಂಪೆಕ್ಸ್ ಕಂಪನಿ ವಿಡಿಯೊ ಟೇಪ್ ರೆಕಾರ್ಡರ್ ಅನ್ನು ಮಾರುಕಟ್ಟೆಗೆ ತಂದಿತಾದರೂ ಅದರ ಬೆಲೆ ಟಿವಿ ಕೇಂದ್ರಗಳಿಗೆ ಮಾತ್ರ ಎಟುಕುವಂತಿತ್ತು. 1976ರಲ್ಲಿ ಜಪಾನಿನ ಜೆವಿಸಿ ಕಂಪನಿಯ ವಿಎಚ್‌ಎಸ್ ಕ್ಯಾಸೆಟ್ ಬಂದ ಮೇಲೆ ಬ್ಯಾಂಕು, ಆಭರಣದಂಗಡಿಗಳಲ್ಲಿ ಟೈಮ್‌ಲ್ಯಾಪ್ಸ್ ರೆಕಾರ್ಡರ್‌ಗಳು ಬಳಕೆಗೆ ಬಂದವು. ಸೆಕೆಂಡಿಗೆ ಕೆಲವೇ ಚಿತ್ರ ಹಿಡಿದು, ಕೆಲವು ಗಂಟೆಯ ಕ್ಯಾಸೆಟ್ಟನ್ನು ಇಡೀ ದಿನಕ್ಕೆ ಎಳೆಯುವ ಉಪಾಯ ಅದು. ಅದೇ ಕ್ಯಾಸೆಟ್ಟಿನ ಮೇಲೆ ಮತ್ತೆ ಮತ್ತೆ ಬರೆದು ಟೇಪು ಸವೆದು, ಬೇಕಾದ ಹೊತ್ತಿಗೆ ಮುಖ ಮಸುಕಾಗಿ ಕಾಣುವುದು ಆ ಕಾಲದ ದೊಡ್ಡ ಕೊರತೆ.

1990ರ ದಶಕದಲ್ಲಿ ಹಾರ್ಡ್ ಡಿಸ್ಕಿಗೆ ಬರೆಯುವ ಡಿಜಿಟಲ್ ವಿಡಿಯೊ ರೆಕಾರ್ಡರ್, ಅಂದರೆ ಡಿವಿಆರ್, ಕ್ಯಾಸೆಟ್ಟನ್ನು ಬದಿಗೆ ಸರಿಸಿತು. 1996ರಲ್ಲಿ ಸ್ವೀಡನ್ನಿನ ಆಕ್ಸಿಸ್ ಕಂಪನಿ ನೆಟ್‌ವರ್ಕಿಗೆ ನೇರ ಜೋಡಿಸಬಹುದಾದ ಕ್ಯಾಮೆರಾ ತಂದಿತು. ಅಲ್ಲಿಂದ ಮುಂದೆ ಕ್ಯಾಮೆರಾ ಒಂದು ಕಡೆ, ರೆಕಾರ್ಡಿಂಗ್ ಸರ್ವರ್ ಇನ್ನೊಂದು ಕಡೆ, ಸ್ಟೋರೇಜ್ ಮತ್ತೊಂದು ಕಡೆ ಇರುವುದು ಸಾಧ್ಯವಾಯಿತು. 2003ರ ಎಚ್.264 ಮತ್ತು 2013ರ ಎಚ್.265 ಸಂಕುಚನ ಮಾನಕಗಳು ಅದೇ ಗುಣಮಟ್ಟದ ದೃಶ್ಯವನ್ನು ಕಡಿಮೆ ಬಿಟ್‌ಗಳಲ್ಲಿ ಹಿಡಿಸಿದವು. ಆದರೆ ಕ್ಯಾಮೆರಾಗಳ ಸಂಖ್ಯೆಯೂ ಚಿತ್ರದ ಸ್ಪಷ್ಟತೆಯೂ ಅದಕ್ಕಿಂತ ವೇಗವಾಗಿ ಹೆಚ್ಚಿದ್ದರಿಂದ ಒಟ್ಟು ಸಂಗ್ರಹದ ಗಾತ್ರ ಇಳಿಯಲಿಲ್ಲ.

ಗಾತ್ರದ ಲೆಕ್ಕ

ಎಲ್ಲ ಲೆಕ್ಕಕ್ಕೂ ಮೂಲ ಕ್ಯಾಮೆರಾದ ಬಿಟ್‌ರೇಟ್. ಸೆಕೆಂಡಿಗೆ 1 ಮೆಗಾಬಿಟ್‌ನಂತೆ ಹಗಲಿರುಳು ಬರೆದರೆ ದಿನಕ್ಕೆ 10.8 ಜಿಬಿ ಆಗುತ್ತದೆ. ಈ ಒಂದು ಸಂಖ್ಯೆ ನೆನಪಿದ್ದರೆ ಉಳಿದದ್ದು ಬಾಯಿಲೆಕ್ಕ. 4 ಮೆಗಾಬಿಟ್‌ನ ಕ್ಯಾಮೆರಾ ದಿನಕ್ಕೆ 43.2 ಜಿಬಿ, 30 ದಿನಕ್ಕೆ ಸುಮಾರು 1.3 ಟಿಬಿ ಬೇಡುತ್ತದೆ. ಅಂಥ 16 ಕ್ಯಾಮೆರಾಗಳಿದ್ದರೆ 30 ದಿನಕ್ಕೆ ಸುಮಾರು 20.7 ಟಿಬಿ.

ಬಿಟ್‌ರೇಟ್ ಸ್ಥಿರವಾದ ಸಂಖ್ಯೆಯಲ್ಲ. ಖಾಲಿ ಕಾರಿಡಾರ್ ತೋರಿಸುವ ಕ್ಯಾಮೆರಾಕ್ಕೂ ಬಸ್ ನಿಲ್ದಾಣದ ಗಿಜಿಗಿಜಿ ತೋರಿಸುವ ಕ್ಯಾಮೆರಾಕ್ಕೂ ಒಂದೇ ಮಾದರಿಯಲ್ಲೇ ಎರಡು ಮೂರು ಪಟ್ಟು ಅಂತರ ಬರಬಹುದು. ಎಚ್.264, ಎಚ್.265ರಂಥ ಸಂಕುಚನ ವಿಧಾನಗಳು ಮಧ್ಯೆ ಮಧ್ಯೆ ಒಂದು ಪೂರ್ಣ ಚಿತ್ರವನ್ನು ಬರೆದು, ಅಲ್ಲಿಂದ ಮುಂದೆ ಬದಲಾದ ಭಾಗವನ್ನಷ್ಟೇ ಬರೆಯುತ್ತ ಹೋಗುತ್ತವೆ. ಗಾಳಿಗೆ ಅಲುಗುವ ಮರ, ಮಳೆ, ಕತ್ತಲಲ್ಲಿ ಸೆನ್ಸರ್ ಉಂಟುಮಾಡುವ ಚುಕ್ಕೆಚುಕ್ಕೆ ಗದ್ದಲ, ಎಲ್ಲವೂ ಅವುಗಳ ಲೆಕ್ಕದಲ್ಲಿ ಬದಲಾವಣೆಯೇ. ಆದ್ದರಿಂದ ಏನೂ ನಡೆಯದ ಮಳೆಗಾಲದ ರಾತ್ರಿಯಲ್ಲೂ ಬಿಟ್‌ರೇಟ್ ಏರುವುದುಂಟು. ತಯಾರಕರ ಕ್ಯಾಲ್ಕುಲೇಟರ್ ಕೊಡುವ ಸಂಖ್ಯೆಗಿಂತ ಅದೇ ಜಾಗದಲ್ಲಿ ಒಂದು ವಾರ ಓಡಿಸಿ ನೋಡಿದ ಸಂಖ್ಯೆ ನಂಬಲರ್ಹ. ಚಲನೆ ಕಂಡಾಗ ಮಾತ್ರ ಬರೆಯುವ ಕ್ರಮದಿಂದ ಜಾಗ ಉಳಿಯುತ್ತದೆ. ಆದರೆ ಡಿಸ್ಕಿನ ವೇಗದ ಲೆಕ್ಕವನ್ನು ಎಲ್ಲ ಕ್ಯಾಮೆರಾಗಳೂ ಒಮ್ಮೆಗೇ ಬರೆಯುವ ಕ್ಷಣಕ್ಕೇ ಹಾಕಬೇಕು. ಜಾತ್ರೆ, ಗಲಭೆ, ಬೆಂಕಿಯಂಥ ಹೊತ್ತಿನಲ್ಲಿ ಎಲ್ಲವೂ ಒಟ್ಟಿಗೆ ಬರೆಯತೊಡಗುತ್ತವೆ. ದೃಶ್ಯ ನಿಜಕ್ಕೂ ಬೇಕಾಗುವುದು ಆಗಲೇ.

ಜಾಗದ ಲೆಕ್ಕದಲ್ಲಿ ಎರಡು ಸೋರಿಕೆಗಳಿವೆ. ಡಿಸ್ಕ್ ತಯಾರಕರು 1 ಟಿಬಿಯನ್ನು ದಶಮಾನದಲ್ಲಿ ಎಣಿಸುತ್ತಾರೆ, ವಿಂಡೋಸ್ ದ್ವಿಮಾನದಲ್ಲಿ ತೋರಿಸುತ್ತದೆ. 20 ಟಿಬಿ ಡಿಸ್ಕ್ ಅಲ್ಲಿ ಸುಮಾರು 18.2 ಎಂದು ಕಾಣುತ್ತದೆ. ಡಿಸ್ಕ್ ಭರ್ತಿಯಾಗುತ್ತಾ ಬಂದಂತೆ ಫೈಲುಗಳು ಚೂರುಚೂರಾಗಿ ಹರಡಿ ವೇಗ ಕುಸಿಯುವುದರಿಂದ ಶೇ 10ರಿಂದ 20ರಷ್ಟು ಜಾಗವನ್ನು ಖಾಲಿ ಬಿಡುವುದು ರೂಢಿ.

ಬರೆಯುವ ಹೊರೆಯ ಸ್ವರೂಪ

ಕಚೇರಿಯ ಫೈಲ್ ಸರ್ವರಿನಲ್ಲಿ ಓದುವ ಕೆಲಸ ಹೆಚ್ಚು, ಬರೆಯುವ ಕೆಲಸ ಕಡಿಮೆ. ಕಣ್ಗಾವಲು ಸರ್ವರಿನಲ್ಲಿ ಇದು ತಿರುಗುಮುರುಗು. ಬರೆದದ್ದರಲ್ಲಿ ಬಹುಪಾಲನ್ನು ಯಾರೂ ಎಂದೂ ನೋಡುವುದಿಲ್ಲ, ಆದರೂ ಬರೆಯುವುದು ಒಂದು ಸೆಕೆಂಡೂ ನಿಲ್ಲುವಂತಿಲ್ಲ. ಡೇಟಾಬೇಸ್ ಸರ್ವರ್ ನಿಧಾನವಾದರೆ ಬಳಕೆದಾರ ಸ್ವಲ್ಪ ಕಾಯುತ್ತಾನೆ, ಕ್ಯಾಮೆರಾ ಕಾಯುವುದಿಲ್ಲ. ಮೆಮೊರಿಯಲ್ಲಿರುವ ಬಫರ್ ತುಂಬಿದ ಮೇಲೆ ಬಂದ ದೃಶ್ಯ ಬಿದ್ದೇ ಹೋಗುತ್ತದೆ.

ಒಂದು ಕ್ಯಾಮೆರಾದ ದೃಶ್ಯ ಡಿಸ್ಕಿನ ಮೇಲೆ ಸಾಲಾಗಿ ಕೂರಬಲ್ಲದು. ನೂರು ಕ್ಯಾಮೆರಾಗಳು ತಮ್ಮ ತಮ್ಮ ಫೈಲಿಗೆ ಒಂದೇ ಸಮಯದಲ್ಲಿ ಬರೆಯತೊಡಗಿದಾಗ ಡಿಸ್ಕಿನ ತಲೆ ನೂರು ಕಡೆಗೆ ಓಡಾಡಬೇಕಾಗುತ್ತದೆ. ಸಾಲುಬರಹದಲ್ಲಿ ಸೆಕೆಂಡಿಗೆ 200 ಎಂಬಿಗೂ ಮೀರಿ ಬರೆಯಬಲ್ಲ ಡಿಸ್ಕ್ ಈ ಚದುರಿದ ಬರಹದಲ್ಲಿ ಅದರ ಸಣ್ಣ ಪಾಲನ್ನಷ್ಟೇ ಕೊಡುತ್ತದೆ. ಇದನ್ನು ತಗ್ಗಿಸಲು ಒಳ್ಳೆಯ ವಿಡಿಯೊ ನಿರ್ವಹಣಾ ಸಾಫ್ಟ್‌ವೇರ್ ದೃಶ್ಯವನ್ನು ಮೆಮೊರಿಯಲ್ಲಿ ಒಟ್ಟುಗೂಡಿಸಿ ದೊಡ್ಡ ತುಂಡುಗಳಾಗಿ ಬರೆಯುತ್ತದೆ. ವಿಂಡೋಸ್ ಸರ್ವರ್‌ಗಳಲ್ಲಿ ವಿಡಿಯೊ ಡ್ರೈವನ್ನು 64 ಕಿಲೊಬೈಟ್ ಅಲೊಕೇಷನ್ ಯೂನಿಟ್‌ನಲ್ಲಿ ಫಾರ್ಮ್ಯಾಟ್ ಮಾಡುವುದು, ಆಂಟಿವೈರಸ್ ಆ ಫೋಲ್ಡರನ್ನು ಮುಟ್ಟದಂತೆ ಹೊರಗಿಡುವುದು, ಆಪರೇಟಿಂಗ್ ಸಿಸ್ಟಮ್ಮನ್ನು ಬೇರೆ ಡಿಸ್ಕಿನಲ್ಲಿಡುವುದು ಇದೇ ಉದ್ದೇಶದ ಸಣ್ಣಪುಟ್ಟ ಕ್ರಮಗಳು.

ಡಿಸ್ಕ್‌ಗಳ ಆಯ್ಕೆ

ಮನೆಯ ಕಂಪ್ಯೂಟರಿನ ಡಿಸ್ಕನ್ನು ದಿನಕ್ಕೆ ಕೆಲವು ಗಂಟೆಯ ಬಳಕೆಗಾಗಿ ರೂಪಿಸಿರುತ್ತಾರೆ. ಕಣ್ಗಾವಲಿಗೆಂದೇ ಬರುವ ವೆಸ್ಟರ್ನ್ ಡಿಜಿಟಲ್ ಪರ್ಪಲ್, ಸೀಗೇಟ್ ಸ್ಕೈಹಾಕ್, ತೋಷಿಬಾ ಎಸ್300 ಮಾದರಿಗಳು ವರ್ಷದ 365 ದಿನವೂ ಓಡುವಂಥವು. ಮುಖ್ಯ ವ್ಯತ್ಯಾಸ ದೋಷ ಎದುರಾದಾಗಿನ ನಡವಳಿಕೆಯಲ್ಲಿದೆ. ಸಾಧಾರಣ ಡಿಸ್ಕ್ ಕೆಟ್ಟ ಸೆಕ್ಟರ್ ಸಿಕ್ಕಾಗ ಅದನ್ನು ಹೇಗಾದರೂ ಓದಲೇಬೇಕೆಂದು ಹಲವು ಸೆಕೆಂಡು ಹೆಣಗುತ್ತದೆ. ಬ್ಯಾಂಕಿನ ಲೆಕ್ಕಪತ್ರಕ್ಕೆ ಅದು ಸರಿ. ವಿಡಿಯೊದಲ್ಲಿ ಆ ಹೊತ್ತಿಗೆ ಎಲ್ಲ ಕ್ಯಾಮೆರಾಗಳ ದೃಶ್ಯವೂ ಕಟ್ಟಿಕೊಂಡು ನಿಲ್ಲುತ್ತದೆ. ಕಣ್ಗಾವಲು ಡಿಸ್ಕ್‌ಗಳು ಎಟಿಎ ಸ್ಟ್ರೀಮಿಂಗ್ ಆದೇಶಗಳ ಮೂಲಕ ಆ ಹೆಣಗಾಟಕ್ಕೆ ಮಿತಿ ಹಾಕಿ ಮುಂದೆ ಸಾಗುತ್ತವೆ. ಚಿತ್ರದ ಒಂದು ಚೌಕ ಕೆಟ್ಟರೂ ರೆಕಾರ್ಡಿಂಗ್ ನಿಲ್ಲುವುದಿಲ್ಲ. ಹಲವು ಡಿಸ್ಕ್‌ಗಳನ್ನು ಒಂದಾಗಿಸುವ ರೇಡ್ ಗುಂಪಿನಲ್ಲಂತೂ ಹೆಚ್ಚು ಹೊತ್ತು ಉತ್ತರಿಸದ ಡಿಸ್ಕನ್ನು ಕಂಟ್ರೋಲರ್ ಸತ್ತಿತೆಂದೇ ತಿಳಿದು ಹೊರಹಾಕುತ್ತದೆ.

ತಯಾರಕರ ವಿವರಪಟ್ಟಿಯಲ್ಲಿ ಹೆಚ್ಚಿನವರು ಗಮನಿಸದ ಸಾಲು ವಾರ್ಷಿಕ ಕಾರ್ಯಭಾರದ್ದು. ಸಾಮಾನ್ಯ ಕಣ್ಗಾವಲು ಡಿಸ್ಕಿಗೆ ಅದು ವರ್ಷಕ್ಕೆ 180 ಟಿಬಿ. ಪರ್ಪಲ್ ಪ್ರೊ, ಸ್ಕೈಹಾಕ್ ಎಐ ಮಟ್ಟದ ಡಿಸ್ಕ್‌ಗಳಿಗೆ 550 ಟಿಬಿ. ಓದಿದ್ದೂ ಬರೆದದ್ದೂ ಇದರೊಳಗೆ ಸೇರಿದೆ. ವರ್ಷಕ್ಕೆ 180 ಟಿಬಿ ಎಂದರೆ ಸರಾಸರಿ ಸೆಕೆಂಡಿಗೆ 5.7 ಎಂಬಿ, ಅಂದರೆ 4 ಮೆಗಾಬಿಟ್‌ನ ಹನ್ನೊಂದು ಕ್ಯಾಮೆರಾಗಳ ಬರಹ. 32 ಕ್ಯಾಮೆರಾಗಳನ್ನು ಒಂದೇ ದೊಡ್ಡ ಡಿಸ್ಕಿಗೆ ಜೋಡಿಸಿದರೆ ಜಾಗ ಸಾಲಬಹುದು, ಡಿಸ್ಕಿನ ಆಯುಸ್ಸು ಸಾಲದು.

ಶಿಂಗಲ್ಡ್ ಎಂಬ ವಿಧಾನದ ಡಿಸ್ಕ್‌ಗಳಲ್ಲಿ ಬರಹದ ಸಾಲುಗಳು ಮಂಗಳೂರು ಹೆಂಚಿನಂತೆ ಒಂದರ ಮೇಲೊಂದು ಸ್ವಲ್ಪ ಹೊದ್ದಿರುತ್ತವೆ. ಒಂದನ್ನು ಬದಲಿಸಲು ಪಕ್ಕದವನ್ನೂ ಮತ್ತೆ ಬರೆಯಬೇಕು. ಹಳೆಯದನ್ನು ಅಳಿಸುತ್ತ ಹೊಸದನ್ನು ಬರೆಯುವ ಲೈವ್ ಸಂಗ್ರಹಕ್ಕೆ, ಅದರಲ್ಲೂ ರೇಡ್ ಗುಂಪಿಗೆ, ಇಂಥ ಡಿಸ್ಕ್ ಹೇಳಿದ್ದಲ್ಲ. ಎಸ್‌ಎಸ್‌ಡಿಗಳಿಗೆ ತಲೆ ಓಡಿಸುವ ಕಷ್ಟವಿಲ್ಲ. ಚದುರಿದ ಬರಹವನ್ನು ಸಲೀಸಾಗಿ ನುಂಗುತ್ತವೆ. ಆದರೆ ಪ್ರತಿ ಕೋಶಕ್ಕೂ ಇಷ್ಟು ಸಲ ಮಾತ್ರ ಬರೆಯಬಹುದೆಂಬ ಮಿತಿಯಿದೆ. ಆದ್ದರಿಂದ ಅವುಗಳ ಸಹಿಷ್ಣುತೆಯನ್ನು ದಿನಕ್ಕೆ ಎಷ್ಟು ಸಲ ಇಡೀ ಡ್ರೈವ್ ತುಂಬಬಹುದು ಎಂಬ ಅಳತೆಯಲ್ಲಿ ನೋಡಿ ಕೊಳ್ಳಬೇಕು.

ರೇಡ್ ಹಂತಗಳು

ಹಲವು ಡಿಸ್ಕ್‌ಗಳನ್ನು ಸೇರಿಸಿ ಒಂದಾಗಿ ಕಾಣುವಂತೆ ಮಾಡುವ ರೇಡ್ ಪದ್ಧತಿಗೆ ಚೌಕಟ್ಟು ಹಾಕಿಕೊಟ್ಟದ್ದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್‌ಲಿಯಲ್ಲಿದ್ದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್, ರ‍್ಯಾಂಡಿ ಕಾಟ್ಜ್ 1988ರಲ್ಲಿ ಮಂಡಿಸಿದ ಪ್ರಬಂಧ. ಅದರಲ್ಲಿದ್ದದ್ದು 1ರಿಂದ 5ರವರೆಗಿನ ಹಂತಗಳು. 0 ಮತ್ತು 6 ಆಮೇಲೆ ಸೇರಿಕೊಂಡವು.

ರೇಡ್ 0 ವೇಗ ಕೊಡುತ್ತದೆ, ರಕ್ಷಣೆ ಕೊಡುವುದಿಲ್ಲ. ಒಂದು ಡಿಸ್ಕ್ ಹೋದರೆ ಎಲ್ಲವೂ ಹೋಯಿತು. ರೇಡ್ 1ರಲ್ಲಿ ಎರಡು ಡಿಸ್ಕ್‌ಗಳಲ್ಲೂ ಒಂದೇ ಬರಹ. ಇವೆರಡನ್ನೂ ಬೆಸೆದ ರೇಡ್ 10ರಲ್ಲಿ ಅರ್ಧ ಜಾಗ ಪ್ರತಿಗೇ ಹೋಗುತ್ತದೆ. ಆದರೆ ಪ್ರತಿ ಬರಹಕ್ಕೆ ಎರಡು ಡಿಸ್ಕ್ ಕಾರ್ಯಗಳು ಸಾಕಾಗುತ್ತವೆ. ರೇಡ್ 5ರಲ್ಲಿ ಒಂದು ಡಿಸ್ಕಿನಷ್ಟು ಜಾಗ ಪ್ಯಾರಿಟಿಗೆ, ಅಂದರೆ ಕೆಟ್ಟ ಡಿಸ್ಕಿನ ಬರಹವನ್ನು ಮರಳಿ ಕಟ್ಟಲು ಬೇಕಾದ ಲೆಕ್ಕಕ್ಕೆ ಹೋಗುತ್ತದೆ, ರೇಡ್ 6ರಲ್ಲಿ ಎರಡರಷ್ಟು. ಸಣ್ಣ ಬರಹವೊಂದನ್ನು ರೇಡ್ 5ರಲ್ಲಿ ಬದಲಿಸಲು ಹಳೆಯ ದತ್ತಾಂಶ ಓದು, ಹಳೆಯ ಪ್ಯಾರಿಟಿ ಓದು, ಹೊಸ ದತ್ತಾಂಶ ಬರೆ, ಹೊಸ ಪ್ಯಾರಿಟಿ ಬರೆ ಎಂದು ನಾಲ್ಕು ಕಾರ್ಯಗಳಾಗುತ್ತವೆ. ರೇಡ್ 6ರಲ್ಲಿ ಆರು. ಡಿಸ್ಕ್‌ಗಳಾದ್ಯಂತ ಹರಡುವ ಇಡೀ ಪಟ್ಟಿಯನ್ನು ಒಮ್ಮೆಗೇ ಬರೆದರೆ ಹಳೆಯದನ್ನು ಓದುವ ಅಗತ್ಯವೇ ಬೀಳುವುದಿಲ್ಲ, ಈ ಹೆಚ್ಚುವರಿ ಕಾರ್ಯಗಳ ದಂಡ ತಪ್ಪುತ್ತದೆ. ಲೈವ್ ಸಂಗ್ರಹಕ್ಕೆ ರೇಡ್ 10, ಆರ್ಕೈವ್‌ಗೆ ರೇಡ್ 6 ಎಂಬ ರೂಢಿ ಹುಟ್ಟಿದ್ದು ಇಲ್ಲಿಂದ: ಲೈವ್‌ನಲ್ಲಿ ಚದುರಿದ ಬರಹ, ಆರ್ಕೈವ್‌ಗೆ ಸಾಗಿಸುವಾಗ ದೊಡ್ಡ ಫೈಲುಗಳ ಸಾಲುಬರಹ.

ಡಿಸ್ಕ್‌ಗಳು ದೊಡ್ಡದಾದಂತೆ ರೇಡ್ 5ರ ಭದ್ರತೆ ತೆಳುವಾಗಿದೆ. 18 ಟಿಬಿಯ ಎಂಟು ಡಿಸ್ಕ್‌ಗಳ ರೇಡ್ 5 ಗುಂಪಿನಲ್ಲಿ ಒಂದು ಕೆಟ್ಟಿತೆನ್ನಿ. ಹೊಸ ಡಿಸ್ಕನ್ನು ತುಂಬಲು ಉಳಿದ ಏಳನ್ನೂ ಪೂರ್ತಿ, ಅಂದರೆ 126 ಟಿಬಿ, ಓದಬೇಕು. ದೊಡ್ಡ ಡಿಸ್ಕ್‌ಗಳ ವಿವರಪಟ್ಟಿ ಹೇಳುವ ದೋಷದ ಪ್ರಮಾಣ 10ರ 15ನೇ ಘಾತದಷ್ಟು ಬಿಟ್‌ಗಳಿಗೆ ಒಂದು, ಅಂದರೆ 125 ಟಿಬಿಗೆ ಒಂದು. ಕಾಗದದ ಲೆಕ್ಕದಂತೆ ಈ ಓದಿನಲ್ಲಿ ಒಂದು ಕಡೆ ಎಡವುವುದು ನಿರೀಕ್ಷಿತವೇ. ಆ ಹೊತ್ತಿನಲ್ಲಿ ರೇಡ್ 5ರ ಬಳಿ ಮತ್ತೊಂದು ಆಸರೆ ಇರುವುದಿಲ್ಲ, ರೇಡ್ 6ರ ಬಳಿ ಇರುತ್ತದೆ. ಸಮಯದ ಲೆಕ್ಕವೂ ಇದೆ: 18 ಟಿಬಿ ಡಿಸ್ಕನ್ನು ಸೆಕೆಂಡಿಗೆ 200 ಎಂಬಿಯಂತೆ ತುಂಬಿದರೂ 25 ಗಂಟೆ ಬೇಕು. ಕ್ಯಾಮೆರಾಗಳು ಆಗಲೂ ಬರೆಯುತ್ತಲೇ ಇರುವುದರಿಂದ ನಿಜವಾಗಿ ಹಲವು ದಿನ ಹಿಡಿಯುತ್ತದೆ.

ಲೈವ್‌ನಿಂದ ಆರ್ಕೈವ್‌ಗೆ

ಸಾಗಣೆಯ ವೇಳಾಪಟ್ಟಿಯೂ ಸಂಗ್ರಹದ ವಿನ್ಯಾಸದ ಭಾಗವೇ. ದಿನವಿಡೀ ಸೇರಿದ ದೃಶ್ಯವನ್ನು ರಾತ್ರಿ ಒಮ್ಮೆಗೇ ಸಾಗಿಸಿದರೆ, ಬರೆಯುತ್ತಿರುವ ಲೈವ್ ಡಿಸ್ಕ್‌ಗಳ ಮೇಲೆಯೇ ಭಾರೀ ಓದಿನ ಹೊರೆಯೂ ಬೀಳುತ್ತದೆ. ಗಂಟೆಗೊಮ್ಮೆ ಸಾಗಿಸಿದರೆ ಹೊರೆ ಹಂಚಿಹೋಗುತ್ತದೆ. ಸಾಗಣೆ ಒಂದು ದಿನ ತಪ್ಪಿದರೂ ಲೈವ್ ಸಂಗ್ರಹ ತುಂಬಿ ಹೋಗದಂತೆ ಎರಡು ದಿನದಷ್ಟು ಜಾಗ ಇಡುವುದು ಒಳ್ಳೆಯದು. ಆರ್ಕೈವ್ ಸರ್ವರ್ ಶನಿವಾರ ರಾತ್ರಿ ಕೆಟ್ಟರೆ ಸೋಮವಾರ ಬೆಳಿಗ್ಗೆಯವರೆಗೆ ತಡೆಯಬೇಕಲ್ಲ!

ಸಾಗಿಸುವಾಗ ಸೆಕೆಂಡಿನ ಚಿತ್ರಗಳ ಸಂಖ್ಯೆಯನ್ನು ಇಳಿಸುವ ಸೌಲಭ್ಯ ಕೆಲವು ಸಾಫ್ಟ್‌ವೇರ್‌ಗಳಲ್ಲಿದೆ. ಮೊದಲ ವಾರ ಸೆಕೆಂಡಿಗೆ 25 ಚಿತ್ರ, ಆಮೇಲೆ 5 ಚಿತ್ರ ಎಂಬಂತೆ. ಎಚ್.264, ಎಚ್.265ರಲ್ಲಿ ಮಧ್ಯದ ಚಿತ್ರಗಳು ಹಿಂದಿನವನ್ನು ಆಧರಿಸಿರುವುದರಿಂದ ಬೇಕಾದಷ್ಟನ್ನು ಬೇಕಾದಲ್ಲಿ ಕಿತ್ತುಹಾಕುವಂತಿಲ್ಲ. ಬಹಳ ಸಲ ಪೂರ್ಣ ಚಿತ್ರಗಳನ್ನಷ್ಟೇ ಉಳಿಸುತ್ತಾರೆ. ಮುಂದೆ ಸಾಕ್ಷ್ಯವಾಗಬಹುದಾದ ದೃಶ್ಯವನ್ನು ಹೀಗೆ ಬಡವಾಗಿಸುವ ಮುನ್ನ ಯೋಚಿಸಬೇಕು.

ಒಂದು ಮಾದರಿ ಲೆಕ್ಕ

ಒಂದು ಕಾಲೇಜು ಅಥವಾ ಆಸ್ಪತ್ರೆಯಲ್ಲಿ 64 ಕ್ಯಾಮೆರಾಗಳಿವೆ, ಪ್ರತಿಯೊಂದೂ 4 ಮೆಗಾಬಿಟ್, ಒಟ್ಟು 30 ದಿನ ಉಳಿಯಬೇಕು, ಮೊದಲ ಎರಡು ದಿನ ಲೈವ್‌ನಲ್ಲಿ, ಉಳಿದ 28 ದಿನ ಆರ್ಕೈವ್‌ನಲ್ಲಿ ಎಂದಿಟ್ಟುಕೊಳ್ಳೋಣ.

ಒಟ್ಟು ಬರಹ ಸೆಕೆಂಡಿಗೆ 256 ಮೆಗಾಬಿಟ್, ಅಂದರೆ 32 ಎಂಬಿ, ದಿನಕ್ಕೆ 2.76 ಟಿಬಿ. ಲೈವ್‌ಗೆ ಎರಡು ದಿನದ 5.5 ಟಿಬಿ, ಶೇ 20 ಖಾಲಿ ಬಿಟ್ಟರೆ ಸುಮಾರು 7 ಟಿಬಿ. 4 ಟಿಬಿಯ ನಾಲ್ಕು ಡಿಸ್ಕ್‌ಗಳ ರೇಡ್ 10ರಲ್ಲಿ 8 ಟಿಬಿ ಸಿಗುವುದರಿಂದ ಜಾಗದ ಮಟ್ಟಿಗೆ ಸರಿಹೋಯಿತು. ಈಗ ಹೊರೆಯ ಲೆಕ್ಕ ಹಾಕಿದರೆ ಚಿತ್ರ ಬದಲಾಗುತ್ತದೆ. ಪ್ರತಿ ಬರಹವೂ ಎರಡು ಸಲ ಆಗುವುದರಿಂದ ಸೆಕೆಂಡಿಗೆ 64 ಎಂಬಿ ನಾಲ್ಕು ಡಿಸ್ಕ್‌ಗಳಿಗೆ ಹಂಚಿ, ಒಂದೊಂದಕ್ಕೆ 16 ಎಂಬಿ. ವರ್ಷಕ್ಕೆ 505 ಟಿಬಿ. ಆರ್ಕೈವ್‌ಗಾಗಿ ಅದೇ ದೃಶ್ಯವನ್ನು ಓದುವ ಹೊರೆ ಒಂದೊಂದರ ಮೇಲೂ ಇನ್ನೂ 252 ಟಿಬಿ. ಒಟ್ಟು 757 ಟಿಬಿ. 550ರ ಡಿಸ್ಕ್‌ಗೂ ಮೀರಿತು. 2 ಟಿಬಿಯ ಎಂಟು ಡಿಸ್ಕ್‌ಗಳಿಗೆ ಹಂಚಿದರೆ ಅಷ್ಟೇ ಜಾಗದಲ್ಲಿ ಒಂದೊಂದರ ಹೊರೆ 378 ಟಿಬಿಗೆ ಇಳಿಯುತ್ತದೆ. ಇಲ್ಲವೇ 3.84 ಟಿಬಿಯ ನಾಲ್ಕು ಎಸ್‌ಎಸ್‌ಡಿ ಹಾಕಬಹುದು: ಒಂದೊಂದರ ಮೇಲೆ ದಿನಕ್ಕೆ 1.38 ಟಿಬಿ ಬರಹ, ಅಂದರೆ ಡ್ರೈವಿನ ಗಾತ್ರದ ಸುಮಾರು ಮೂರನೇ ಒಂದು ಪಾಲು. ದಿನಕ್ಕೊಮ್ಮೆ ಪೂರ್ತಿ ಬರೆಯಬಹುದಾದ ಸರ್ವರ್ ದರ್ಜೆಯ ಎಸ್‌ಎಸ್‌ಡಿಗೆ ಇದು ಆರಾಮದ ಕೆಲಸ.

ಆರ್ಕೈವ್‌ಗೆ 28 ದಿನದ 77.4 ಟಿಬಿ, ಖಾಲಿ ಜಾಗ ಸೇರಿ ಸುಮಾರು 97 ಟಿಬಿ. 18 ಟಿಬಿಯ ಎಂಟು ಡಿಸ್ಕ್‌ಗಳ ರೇಡ್ 6ರಲ್ಲಿ 108 ಟಿಬಿ ಸಿಗುತ್ತದೆ. ಕೆಟ್ಟ ತಕ್ಷಣ ತಾನೇ ಜಾಗ ತುಂಬಲು ಒಂಬತ್ತನೆಯದೊಂದು ಬಿಡಿ ಡಿಸ್ಕ್. ಇಲ್ಲಿನ ಬರಹದ ಹೊರೆ ಒಂದೊಂದರ ಮೇಲೆ ವರ್ಷಕ್ಕೆ ಸುಮಾರು 168 ಟಿಬಿ. ಓದು, ತಪಾಸಣೆ ಸೇರಿದರೆ 180ರ ಗೆರೆ ದಾಟುವುದರಿಂದ ಇಲ್ಲೂ ಮೇಲ್ದರ್ಜೆಯ ಡಿಸ್ಕ್‌ಗಳೇ ಬೇಕು. ಸಾಗಣೆಯನ್ನು ರಾತ್ರಿ ನಾಲ್ಕೇ ಗಂಟೆಯಲ್ಲಿ ಮುಗಿಸಬೇಕೆಂದರೆ ಸೆಕೆಂಡಿಗೆ 192 ಎಂಬಿ ಬೇಕು. ಸೈದ್ಧಾಂತಿಕವಾಗಿ 125 ಎಂಬಿ ಸಾಗಿಸುವ ಗಿಗಾಬಿಟ್ ತಂತಿ ಅದಕ್ಕೆ ಸಾಲದು. ಗಂಟೆಗಂಟೆಗೆ ಸಾಗಿಸಿದರೆ ಸರಾಸರಿ 32 ಎಂಬಿಯಲ್ಲಿ ಮುಗಿಯುತ್ತದೆ. ಇಡೀ ಲೆಕ್ಕದಲ್ಲಿ ಜಾಗ ಅಡ್ಡಿಯಾದದ್ದು ಒಂದು ಕಡೆಯೂ ಇಲ್ಲ. ಬರಹದ ಹೊರೆ ಮತ್ತು ತಂತಿಯ ಅಗಲ ಅಡ್ಡಿಯಾದವು.

ದೊಡ್ಡ ಮತ್ತು ಚದುರಿದ ವ್ಯವಸ್ಥೆಗಳು

ನಿರ್ಭಯಾ ನಿಧಿಯ ನೆರವಿನ ಬೆಂಗಳೂರು ಸೇಫ್ ಸಿಟಿ ಯೋಜನೆಯಲ್ಲಿ ಏಳು ಸಾವಿರಕ್ಕೂ ಹೆಚ್ಚು ಕ್ಯಾಮೆರಾಗಳಿವೆ. ಅದರ ಕಮಾಂಡ್ ಸೆಂಟರ್ 2023ರ ನವೆಂಬರಿನಲ್ಲಿ ಉದ್ಘಾಟನೆಯಾಯಿತು. ಈ ಗಾತ್ರವನ್ನು ಮೇಲಿನ 4 ಮೆಗಾಬಿಟ್ ಲೆಕ್ಕಕ್ಕೆ ಹಾಕಿ ನೋಡಿದರೆ 7,000 ಕ್ಯಾಮೆರಾಗಳಿಗೆ ದಿನಕ್ಕೆ 302 ಟಿಬಿ, 30 ದಿನಕ್ಕೆ ಸುಮಾರು 9 ಪೆಟಾಬೈಟ್ ಬೇಕಾಗುತ್ತದೆ. ಇಷ್ಟು ದೊಡ್ಡದನ್ನು ಒಂದೇ ರೇಡ್ ಪೆಟ್ಟಿಗೆಯಲ್ಲಿ ಹಿಡಿಸಲಾಗದು. ಇಂಥ ಕಡೆ ದೃಶ್ಯವನ್ನು ತುಂಡರಿಸಿ ಹಲವು ಸರ್ವರ್‌ಗಳಿಗೆ ಹಂಚುವ ಇರೇಷರ್ ಕೋಡಿಂಗ್ ವಿಧಾನ ಬಳಸುತ್ತಾರೆ. 1960ರಲ್ಲಿ ಇರ್ವಿಂಗ್ ರೀಡ್ ಮತ್ತು ಗುಸ್ತಾವ್ ಸಾಲೊಮನ್ ರೂಪಿಸಿದ ಸಂಕೇತ ಇದರ ಹಿಂದಿನ ಗಣಿತ. ಎಂಟು ತುಂಡು ದತ್ತಾಂಶಕ್ಕೆ ಮೂರು ತುಂಡು ರಕ್ಷಣೆ ಸೇರಿಸಿದರೆ ಹನ್ನೊಂದರಲ್ಲಿ ಯಾವ ಮೂರು ಹೋದರೂ ದೃಶ್ಯ ಉಳಿಯುತ್ತದೆ. ಹೆಚ್ಚುವರಿ ಜಾಗ ಶೇ 37.5 ಮಾತ್ರ. ಇಷ್ಟೇ ರಕ್ಷಣೆಗೆ ನಾಲ್ಕು ಪ್ರತಿ ಇಡಬೇಕಾಗಿದ್ದರೆ ಶೇ 300 ಹೆಚ್ಚು ಜಾಗ ಬೇಕಿತ್ತು.

ವರ್ಷಗಟ್ಟಲೆ ಇಡಬೇಕಾದ, ಅಪರೂಪಕ್ಕೆ ಕೇಳುವ ದೃಶ್ಯಕ್ಕೆ ಮ್ಯಾಗ್ನೆಟಿಕ್ ಟೇಪ್ ಇಂದಿಗೂ ಅಗ್ಗ. 2000ದಲ್ಲಿ 100 ಜಿಬಿಯೊಂದಿಗೆ ಶುರುವಾದ ಎಲ್‌ಟಿಒ ಟೇಪಿನ ಒಂಬತ್ತನೇ ಪೀಳಿಗೆ ಒಂದು ಕ್ಯಾಸೆಟ್ಟಿನಲ್ಲಿ 18 ಟಿಬಿ ಹಿಡಿಸುತ್ತದೆ. ಕಪಾಟಿನಲ್ಲಿ ಕೂತ ಟೇಪಿಗೆ ವಿದ್ಯುತ್ ಬೇಡ, ನೆಟ್‌ವರ್ಕ್ ಮೂಲಕ ನುಗ್ಗುವ ರ‍್ಯಾನ್ಸಮ್‌ವೇರ್‌ಗೆ ಅದು ಎಟುಕುವುದಿಲ್ಲ. ಬದಲಿಗೆ, ಒಂದು ನಿಮಿಷದ ದೃಶ್ಯ ಬೇಕಾದರೂ ಟೇಪು ಹುಡುಕಿ, ಹಾಕಿ, ಸುತ್ತಿಸಬೇಕು. ಈಗಾಗಲೇ ಸಂಕುಚಿತವಾದ ವಿಡಿಯೊ ಇನ್ನಷ್ಟು ಕುಗ್ಗುವುದಿಲ್ಲವಾದ್ದರಿಂದ ಪೆಟ್ಟಿಗೆಯ ಮೇಲೆ ಬರೆದ ಸಂಕುಚಿತ ಸಾಮರ್ಥ್ಯದ ದೊಡ್ಡ ಸಂಖ್ಯೆಯನ್ನು ಲೆಕ್ಕಕ್ಕೆ ಹಿಡಿಯಬಾರದು. ಇದೇ ಕಾರಣಕ್ಕೆ ಸ್ಟೋರೇಜ್ ಕಂಪನಿಗಳು ಹೇಳುವ, ಮರುಕಳಿಸಿದ ದತ್ತಾಂಶವನ್ನು ಒಮ್ಮೆ ಮಾತ್ರ ಇಡುವ ಡಿಡ್ಯುಪ್ಲಿಕೇಷನ್ ಉಳಿತಾಯವೂ ವಿಡಿಯೊದಲ್ಲಿ ದಕ್ಕುವುದಿಲ್ಲ.

ಕ್ಲೌಡ್ ಸಂಗ್ರಹಕ್ಕೆ ಮೊದಲ ತೊಡಕು ಮೇಲ್ಮುಖ ಬ್ಯಾಂಡ್‌ವಿಡ್ತ್: ಮೇಲಿನ 64 ಕ್ಯಾಮೆರಾಗಳು ಹಗಲಿರುಳೂ 256 ಮೆಗಾಬಿಟ್ ತಳ್ಳಬೇಕು. ಎರಡನೆಯದು, ಇಡುವುದಕ್ಕಿಂತ ಹಿಂಪಡೆಯುವಾಗ ಬೀಳುವ ಶುಲ್ಕ. ಹಾಗಾಗಿ ಎಲ್ಲವನ್ನೂ ಸ್ಥಳೀಯವಾಗಿ ಬರೆದು, ಘಟನೆಗೆ ಸಂಬಂಧಿಸಿದ ತುಣುಕುಗಳನ್ನಷ್ಟೇ ಕ್ಲೌಡ್‌ಗೆ ಕಳಿಸುವ ಮಿಶ್ರ ಮಾದರಿ ಹೆಚ್ಚು ರೂಢಿಯಲ್ಲಿದೆ. ಬಸ್ಸು, ಎಟಿಎಂ, ದೂರದ ಉಪಕೇಂದ್ರಗಳಲ್ಲಿ ಕ್ಯಾಮೆರಾದ ಒಳಗಿನ ಮೆಮೊರಿ ಕಾರ್ಡೇ ಸಂಗ್ರಹ. ನೆಟ್‌ವರ್ಕ್ ಕಡಿದಾಗ ಕಾರ್ಡಿನಲ್ಲಿ ಬರೆದು, ಮರಳಿ ಬಂದಾಗ ಬಿಟ್ಟುಹೋದ ಭಾಗವನ್ನು ಸರ್ವರಿಗೆ ತುಂಬುವ ಸೌಲಭ್ಯ ಹಲವು ಕ್ಯಾಮೆರಾಗಳಲ್ಲಿದೆ. ಬೇರೆ ಬೇರೆ ಕಂಪನಿಗಳ ಸಲಕರಣೆಗಳು ಈ ವಿಷಯದಲ್ಲಿ ಒಂದನ್ನೊಂದು ಅರ್ಥಮಾಡಿಕೊಳ್ಳಲು ಆನ್‌ವಿಫ್ ಸಂಸ್ಥೆಯ ಪ್ರೊಫೈಲ್ ಜಿ ಮಾನಕವಿದೆ.

ಎಷ್ಟು ದಿನ ಇಡಬೇಕು

ಉಳಿಕೆಯ ಅವಧಿಯನ್ನು ಹಲವು ಕಡೆ ಕಾನೂನೇ ಗೊತ್ತುಮಾಡಿದೆ. ಕರ್ನಾಟಕ ಸಾರ್ವಜನಿಕ ಸುರಕ್ಷತಾ (ಕ್ರಮಗಳ) ಜಾರಿ ಅಧಿನಿಯಮ 2017, ಜನಸಂದಣಿ ಸೇರುವ ಸಂಸ್ಥೆಗಳು ಕ್ಯಾಮೆರಾ ಅಳವಡಿಸಿ 30 ದಿನದ ದೃಶ್ಯ ಇಟ್ಟಿರಬೇಕೆನ್ನುತ್ತದೆ. ಬ್ಯಾಂಕ್ ಲಾಕರ್ ಕೊಠಡಿಗೆ ಹೋಗಿಬರುವವರ ದೃಶ್ಯವನ್ನು ಕನಿಷ್ಠ 180 ದಿನ ಇಡಬೇಕೆಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟಿನಲ್ಲಿ ಆದೇಶಿಸಿತು. ಪರಮವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ಡಿಸೆಂಬರ್ 2ರಂದು ಎಲ್ಲ ಪೊಲೀಸ್ ಠಾಣೆಗಳಲ್ಲೂ ಧ್ವನಿಸಹಿತ ಕ್ಯಾಮೆರಾ ಇರಬೇಕು, ದೃಶ್ಯ 18 ತಿಂಗಳು ಉಳಿಯಬೇಕು, ಅಂಥ ಉಪಕರಣ ಸಿಗದಿದ್ದರೆ ಕನಿಷ್ಠ ಒಂದು ವರ್ಷವಾದರೂ ಉಳಿಯಬೇಕು ಎಂದಿತು. ಯುರೋಪಿನಲ್ಲಿ ಗಾಳಿ ಎದುರು ದಿಕ್ಕಿನದು: 72 ಗಂಟೆ ಮೀರಿ ಇಡುವವರು ಅದಕ್ಕೆ ಬಲವಾದ ಕಾರಣ ಕೊಡಬೇಕೆಂಬುದು ಅಲ್ಲಿನ ದತ್ತಾಂಶ ರಕ್ಷಣಾ ಮಂಡಳಿಯ ಮಾರ್ಗದರ್ಶಿಯ ನಿಲುವು.

ಅವಧಿಯ ಒಂದು ಸಾಲು ಸ್ಟೋರೇಜ್‌ನ ಇಡೀ ಆಕಾರವನ್ನೇ ಬದಲಿಸುತ್ತದೆ. 12 ಕ್ಯಾಮೆರಾಗಳ ಒಂದು ಠಾಣೆಗೆ 30 ದಿನಕ್ಕೆ 15.6 ಟಿಬಿ ಸಾಕು. 4 ಮೆಗಾಬಿಟ್‌ನಲ್ಲಿ 18 ತಿಂಗಳಿಗೆ ಸುಮಾರು 284 ಟಿಬಿ ಬೇಕು. ಬಿಟ್‌ರೇಟನ್ನು ಅರ್ಧಕ್ಕಿಳಿಸಿದರೂ 142 ಟಿಬಿ. ಅಂಗಡಿಯಲ್ಲಿ ಸಿಗುವ ಎಂಟು ಡಿಸ್ಕಿನ ನೆಟ್‌ವರ್ಕ್ ವಿಡಿಯೊ ರೆಕಾರ್ಡರ್ (ಎನ್‌ವಿಆರ್) ಇದನ್ನು ಹೊರಲಾರದು. ಲೈವ್ ಮತ್ತು ಆರ್ಕೈವ್ ಬೇರೆಯಾಗಲೇಬೇಕು.

ಕೆಲವೊಮ್ಮೆ ಅವಧಿ ಮುಗಿದರೂ ಅಳಿಸುವಂತಿಲ್ಲ. ನೋಟು ರದ್ದತಿಯ ಕಾಲದ, ಅಂದರೆ 2016ರ ನವೆಂಬರ್ 8ರಿಂದ ಡಿಸೆಂಬರ್ 30ರವರೆಗಿನ, ಶಾಖೆಗಳ ದೃಶ್ಯವನ್ನು ಮುಂದಿನ ಆದೇಶದವರೆಗೆ ನಾಶಮಾಡಬಾರದೆಂದು ರಿಸರ್ವ್ ಬ್ಯಾಂಕ್ 2021ರ ಜೂನಿನಲ್ಲಿ ಮತ್ತೊಮ್ಮೆ ಬ್ಯಾಂಕುಗಳಿಗೆ ಹೇಳಿತು. ಹಳೆಯದರ ಮೇಲೆ ತಾನಾಗಿಯೇ ಬರೆಯುವ ವ್ಯವಸ್ಥೆಯಲ್ಲಿ ಇಂಥ ಆದೇಶ ಪಾಲಿಸಲು, ಗೊತ್ತಾದ ದಿನಾಂಕಗಳ ದೃಶ್ಯಕ್ಕೆ ಬೀಗ ಹಾಕಿ ಬೇರೆಡೆಗೆ ತೆಗೆದಿಡುವ ಸೌಲಭ್ಯವೂ ಅದಕ್ಕೆ ಮೀಸಲಾದ ಜಾಗವೂ ಮೊದಲೇ ಇರಬೇಕು.

ಸಾಕ್ಷ್ಯವಾಗಿ ದೃಶ್ಯ

2024ರ ಮಾರ್ಚ್ 1ರಂದು ಬೆಂಗಳೂರಿನ ಬ್ರೂಕ್‌ಫೀಲ್ಡ್‌ನ ರಾಮೇಶ್ವರಂ ಕೆಫೆಯಲ್ಲಿ ಸ್ಫೋಟ ನಡೆದಾಗ ತನಿಖೆಗಾರರು ಕೆಫೆಯ ದೃಶ್ಯದಿಂದ ಶುರುಮಾಡಿ ರಸ್ತೆ, ಬಸ್ಸುಗಳ ಕ್ಯಾಮೆರಾಗಳನ್ನು ಹಿಂಬಾಲಿಸಿ ಶಂಕಿತನ ಓಡಾಟವನ್ನು ಜೋಡಿಸಿದರು. ಇಂಥ ತನಿಖೆಯಲ್ಲಿ ದೃಶ್ಯಗಳು ಬೇರೆ ಬೇರೆ ಮಾಲೀಕರ ಪೆಟ್ಟಿಗೆಗಳಲ್ಲಿರುತ್ತವೆ. ಪ್ರತಿಯೊಂದಕ್ಕೂ ಅದರದೇ ಗಡಿಯಾರ, ಅದರದೇ ಅಳಿಸುವ ಅವಧಿ. ಏಳು ನಿಮಿಷ ಹಿಂದಿರುವ ಡಿವಿಆರ್ ತನಿಖೆಯನ್ನು ತಪ್ಪು ಬಸ್ಸಿನ ಹಿಂದೆ ಓಡಿಸಬಲ್ಲದು. ಎಲ್ಲ ಸಾಧನಗಳ ಸಮಯವನ್ನು ಎನ್‌ಟಿಪಿ ಸರ್ವರಿಗೆ ಹೊಂದಿಸುವುದು ಸಂಗ್ರಹದ ಕೆಲಸವೇ.

ವಿದ್ಯುನ್ಮಾನ ದಾಖಲೆಗೆ ಪ್ರಮಾಣಪತ್ರ ಬೇಕೆಂಬ ನಿಯಮ ಹಿಂದೆ ಹಳೆಯ ಭಾರತೀಯ ಸಾಕ್ಷ್ಯ ಅಧಿನಿಯಮದ 65ಬಿ ಕಲಮಿನಲ್ಲಿತ್ತು; 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ 2023ರ 63ನೇ ಕಲಮಿಗೆ ಬಂದಿದೆ. ಹೊಸ ಪ್ರಮಾಣಪತ್ರದಲ್ಲಿ ಫೈಲಿನ ಬೆರಳಚ್ಚಿನಂತಿರುವ ಹ್ಯಾಶ್ ಮೌಲ್ಯವನ್ನೂ ನಮೂದಿಸಬೇಕು. ದೃಶ್ಯದಲ್ಲಿ ಒಂದು ಬಿಟ್ ಬದಲಾದರೂ ಹ್ಯಾಶ್ ಬೇರೆಯಾಗುತ್ತದೆ. ಹೀಗಾಗಿ ಮೂಲ ರೂಪದಲ್ಲಿ ಹೊರತೆಗೆಯುವುದು, ತೆಗೆದ ಕ್ಷಣದಲ್ಲೇ ಹ್ಯಾಶ್ ಬರೆದಿಡುವುದು ಮುಖ್ಯ. ಪರದೆಯನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ವಾಟ್ಸ್ಆ್ಯಪಿನಲ್ಲಿ ಕಳಿಸಿದ ದೃಶ್ಯ ಸುಳಿವಿಗೆ ಸಾಕು. ಮೂಲ ಫೈಲಿನ ಜಾಗವನ್ನು ಅದು ತುಂಬುವುದಿಲ್ಲ.

ನಿರ್ವಹಣೆ

ರೇಡ್ ಬ್ಯಾಕಪ್ ಅಲ್ಲ. ಬೆಂಕಿ, ಸಿಡಿಲು, ಕಳವು, ರ‍್ಯಾನ್ಸಮ್‌ವೇರ್ ಬಂದರೆ ಗುಂಪಿನ ಎಲ್ಲ ಡಿಸ್ಕ್‌ಗಳೂ ಒಟ್ಟಿಗೆ ಹೋಗುತ್ತವೆ. ಕಳ್ಳರು ಡಿವಿಆರನ್ನೇ ಹೊತ್ತೊಯ್ದ ಪ್ರಕರಣಗಳು ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತವೆ. ಕರೆಂಟು ಹೋಗಿಬರುವ ಊರುಗಳಲ್ಲಿ ಯುಪಿಎಸ್, ಕಂಟ್ರೋಲರಿನ ಕ್ಯಾಶ್‌ಗೆ ಬ್ಯಾಟರಿ ಅಥವಾ ಫ್ಲ್ಯಾಶ್ ಆಸರೆ ಇಲ್ಲದಿದ್ದರೆ ಅರ್ಧ ಬರೆದ ಪಟ್ಟಿಗಳು ಉಳಿದು ರೇಡ್ ಗುಂಪೇ ಗೊಂದಲಕ್ಕೆ ಬೀಳಬಹುದು. ಧೂಳು ಕಟ್ಟಿದ ಫ್ಯಾನ್, ಗಾಳಿಯಾಡದ ಮರದ ಕಪಾಟು ಡಿಸ್ಕಿನ ಆಯುಸ್ಸನ್ನು ಸದ್ದಿಲ್ಲದೆ ಕಡಿಮೆ ಮಾಡುತ್ತವೆ. ಒಂದೇ ದಿನ, ಒಂದೇ ತಯಾರಿಕಾ ಕಂತಿನಿಂದ ಕೊಂಡ ಡಿಸ್ಕ್‌ಗಳು ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಕೈಕೊಡುವ ಸಂಭವವಿರುವುದರಿಂದ, ಒಂದು ಕೆಟ್ಟಾಗ ಉಳಿದವನ್ನು ಅನುಮಾನದಿಂದಲೇ ನೋಡಬೇಕು.

ನಿರ್ವಹಣೆಯ ಕೆಲಸಗಳಲ್ಲಿ ಅಗ್ಗದ್ದೂ ಹೆಚ್ಚು ಮರೆತುಹೋಗುವುದೂ ಮರುಪಡೆಯುವ ಪರೀಕ್ಷೆ. ತಿಂಗಳಿಗೊಮ್ಮೆ ಯಾವುದಾದರೂ ಕ್ಯಾಮೆರಾದ 29 ದಿನ ಹಿಂದಿನ ಹತ್ತು ನಿಮಿಷವನ್ನು ಹೊರತೆಗೆದು ನೋಡಿದರೆ ಉಳಿಕೆಯ ಅವಧಿ ನಿಜವೇ, ಗಡಿಯಾರ ಸರಿಯೇ, ಮುಖ ಗುರುತಿಸುವಷ್ಟು ಸ್ಪಷ್ಟತೆ ಇದೆಯೇ, ತೆಗೆದುಕೊಡಲು ಎಷ್ಟು ಹೊತ್ತು ಹಿಡಿಯುತ್ತದೆ ಎಂಬ ನಾಲ್ಕೂ ಒಟ್ಟಿಗೆ ಗೊತ್ತಾಗುತ್ತವೆ. ಟೆಂಡರ್ ಬರೆಯುವಾಗ ಟೆರಾಬೈಟುಗಳ ಜೊತೆಗೆ ಈ ಪರೀಕ್ಷೆಯನ್ನೂ, ಒಂದು ಡಿಸ್ಕ್ ಕಿತ್ತ ಸ್ಥಿತಿಯಲ್ಲೂ ಎಲ್ಲ ಕ್ಯಾಮೆರಾಗಳ ರೆಕಾರ್ಡಿಂಗ್ ನಡೆಯಬೇಕೆಂಬ ಷರತ್ತನ್ನೂ ಸೇರಿಸಿದರೆ ಗುತ್ತಿಗೆದಾರರು ಹೊರೆಯ ಲೆಕ್ಕವನ್ನು ಮೊದಲೇ ಹಾಕಬೇಕಾಗುತ್ತದೆ.